ಮುಟ್ಟದೆ ನೋಡಿಕೊಳ್ಳುವುದು

"ಏನೂ ಮುಟ್ಬೇಡ ಅಪ್ಪ. ಸುಮ್ನೆ ನೋಡ್ಕೊಂಡಿರು, ಅಷ್ಟೇ. ಮಧ್ಯ ನಿಂತುಹೋದ್ರೆ ಎಬ್ಬಿಸು, ಇಲ್ದಿದ್ರೆ ಒಂದು ಗಂಟೆಗೆ ಎಬ್ಬಿಸು" ಎಂದು ಹೇಳಿ ಮಗಳು ಒಳಗೆ ಹೋಗಿ ಮಲಗಿದಾಗ ಬೆಳಗಿನ ಒಂಬತ್ತು ಗಂಟೆ. ಭಾನುವಾರ. ಊಟದ ಮೇಜಿನ ಅರ್ಧವನ್ನು ಆಕ್ರಮಿಸಿಕೊಂಡಿದ್ದ ಅವಳ ಕಂಪ್ಯೂಟರ್ ಮೂರು ದಿನದಿಂದ ಒಂದೇ ಸಮನೆ ದುಡಿಯುತ್ತಿತ್ತು. ಕಟ್ಟಡ ವಿನ್ಯಾಸದ ಕೊನೆಯ ವರ್ಷದ ಹುಡುಗಿ. ಬಸ್ಸಿಗೆ ಕಾಯುವವರಿಗೆಂದು ಒಂದು ದೊಡ್ಡ ಹಜಾರ ಕಲ್ಪಿಸಿ, ಅದರೊಳಗೆ ನಡೆದುಹೋದಂತೆ ಕಾಣುವ ಐದು ನಿಮಿಷದ ಸಿನಿಮಾ ಮಾಡಿದ್ದಳು. ಸಿನಿಮಾ ಎಂದರೆ ಏಳೂವರೆ ಸಾವಿರ ಚಿತ್ರಗಳು, ಒಂದೊಂದನ್ನೂ ಯಂತ್ರ ತಾನೇ ಲೆಕ್ಕ ಹಾಕಿ ಬಿಡಿಸಬೇಕು. ಐದು ಸಾವಿರ ಆಗಿದ್ದವು. ಸಂಜೆ ಐದಕ್ಕೆ ಒಪ್ಪಿಸಬೇಕು, ನಾಲ್ಕು ನಿಮಿಷಕ್ಕಿಂತ ಕಡಿಮೆಯಿದ್ದರೆ ತೆಗೆದುಕೊಳ್ಳುವುದೇ ಇಲ್ಲ. ಆರು ಸಾವಿರ ಚಿತ್ರಗಳಾದರೆ ನಾಲ್ಕು ನಿಮಿಷ; ಅಷ್ಟು ಹೇಗೂ ಆಗುತ್ತದೆ, ಕೊನೆಯ ಒಂದು ನಿಮಿಷ ಕೈಬಿಟ್ಟರಾಯಿತು ಎಂದು ಅವಳು ರಾತ್ರಿಯೇ ತೀರ್ಮಾನಿಸಿಬಿಟ್ಟಿದ್ದಳು. ಆ ಕೊನೆಯ ನಿಮಿಷದಲ್ಲಿ ಜನ ಬರುತ್ತಾರಂತೆ. ಅಲ್ಲಿಯವರೆಗೆ ಖಾಲಿಯಿದ್ದ ಹಜಾರಕ್ಕೆ ಒಬ್ಬೊಬ್ಬರಾಗಿ ಬಂದು ಕೂರುತ್ತಾರಂತೆ. ಹೇಳುವಾಗ ಅವಳ ದನಿ ಸ್ವಲ್ಪ ಒಡೆದಿತ್ತು. ಅಪ್ಪನಿಗೆ ಅದಕ್ಕಿಂತ ಹೆಚ್ಚು ನಾಟಿದ್ದು ಮುಟ್ಬೇಡ ಎಂಬ ಮಾತು. ಅವನು ಕಂಪ್ಯೂಟರ್ ಮೇಷ್ಟ್ರು. ಇಪ್ಪತ್ತೆರಡು ವರ್ಷಗಳಿಂದ ಒಂದು ಶಾಲೆಯಲ್ಲಿ ಐದರಿಂದ ಎಂಟನೇ ತರಗತಿಯವರೆಗೆ ಕಂಪ್ಯೂಟರ್ ಎಂದರೇನು ಎಂದು ಹೇಳಿಕೊಡುತ್ತಿದ್ದವನು.

ಹೇಳಿಕೊಡುವುದೇನೋ ನಿಜ. ಪ್ರೊಸೆಸರ್ ಎಂದರೆ ಮಿದುಳು, ಕೀಬೋರ್ಡ್ ಎಂದರೆ ಕಿವಿ, ಪರದೆ ಎಂದರೆ ಮುಖ ಎಂದು ಗೋಡೆಯ ಮೇಲೆ ಅವನೇ ಬಣ್ಣದಲ್ಲಿ ಬರೆದ ಪಟವಿತ್ತು. ಆದರೆ ಆ ಮಿದುಳನ್ನು ಅವನು ಕಣ್ಣಾರೆ ಕಂಡದ್ದು ಒಂದೇ ಸಲ, ಅದೂ ಬೇರೆಯವರ ಬೆನ್ನ ಹಿಂದಿನಿಂದ. ಶಾಲೆಯ ಹನ್ನೊಂದು ಯಂತ್ರಗಳಲ್ಲಿ ಯಾವುದು ಕೆಟ್ಟರೂ ರಿಪೇರಿಯವನು ಬರುತ್ತಿದ್ದ. ಒಮ್ಮೆ ಏಳನೇ ತರಗತಿಯ ಎದುರಿಗೇ ಆತ ಡಬ್ಬಿ ಬಿಚ್ಚಿಟ್ಟು, ತಲೆ ಕೂಡ ಎತ್ತದೆ, "ಮೇಷ್ಟ್ರೇ, ಬೆಳಕು ಸ್ವಲ್ಪ ಈ ಕಡೆ ಹಿಡೀರಿ" ಎಂದಿದ್ದ. ಅವನು ಟಾರ್ಚ್ ಹಿಡಿದು ನಿಂತ. ಹತ್ತು ನಿಮಿಷ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಅವನ ಮುಖವನ್ನೇ ನೋಡುತ್ತಿದ್ದಳು. ನಕ್ಕಿದ್ದರೆ ಬೈದುಬಿಡಬಹುದಾಗಿತ್ತು, ಅವಳು ನಗಲಿಲ್ಲ. ಮನೆಗೆ ಬಂದು ಹೇಳಿದಾಗ ಹೆಂಡತಿ, "ಅದರಲ್ಲೇನಿದೆ, ನಾವು ದಿನಾ ಡಾಕ್ಟರಿಗೆ ಟಾರ್ಚ್ ಹಿಡೀತೀವಿ" ಎಂದಳು. ಅವಳು ಆಸ್ಪತ್ರೆಯಲ್ಲಿ ನರ್ಸು. ಅವಳ ಮಾತು ಸರಿಯೇ, ಆದರೆ ಅವಳು ತನ್ನನ್ನು ಡಾಕ್ಟರೆಂದು ಯಾರಿಗೂ ಹೇಳಿಕೊಂಡಿರಲಿಲ್ಲವಲ್ಲ. ಮೂರು ವರ್ಷದ ಹಿಂದೆ ಇದೇ ಮೇಜಿನ ಮೇಲೆ ಮಗಳು ಬಿಡಿಭಾಗಗಳನ್ನು ತಂದು ಈ ಯಂತ್ರವನ್ನು ಜೋಡಿಸಿದಳು. ಅವನು ಸ್ಕ್ರೂಗಳನ್ನು ಒಂದೊಂದಾಗಿ ಎತ್ತಿಕೊಡುತ್ತಿದ್ದ. ಪ್ರೊಸೆಸರನ್ನು ಎರಡು ಬೆರಳಲ್ಲಿ ಹಿಡಿದು ಅವಳು "ಅಪ್ಪ, ಇದು ಯಾವ ಕಡೆಗೆ ಕೂರ್ಬೇಕು?" ಎಂದು ಕೇಳಿದಾಗ, ಹಾಲು ತರುವುದಿದೆ ಎಂದು ಎದ್ದುಹೋಗಿದ್ದ. ಹಾಲು ಮನೆಯಲ್ಲಿತ್ತು. ಎರಡನೇ ಪಾತ್ರೆ ಹಾಲನ್ನು ಅವಳೇ ಎತ್ತಿ ಒಳಗಿಟ್ಟಳು. ಅಷ್ಟರಲ್ಲಿ ಪ್ರೊಸೆಸರನ್ನು ಸರಿಯಾಗಿ ಕೂರಿಸಿಯೂ ಆಗಿತ್ತು. ಆಮೇಲೆ ಅವನನ್ನು ಅವಳು ಪುಸ್ತಕದ ಬದನೆಕಾಯಿ ಎಂದು ಛೇಡಿಸತೊಡಗಿದಳು, ಅವನು ತಿರುಗಿ ಬೈಯುತ್ತಿದ್ದ, ಅವಳು ಇನ್ನೂ ಜೋರಾಗಿ ಬೈಯುತ್ತಿದ್ದಳು. ಆ ಮನೆಯಲ್ಲಿ ಅವರಿಬ್ಬರ ಪ್ರೀತಿಯೆಲ್ಲ ಜಗಳದ ರೂಪದಲ್ಲೇ ಇತ್ತು.

ಬುಧವಾರದಿಂದ ಅವನು ಗುಟ್ಟಾಗಿ ಓದುತ್ತಿದ್ದ. ಬಚ್ಚಲಿನಲ್ಲಿ, ಬಸ್ಸಿನಲ್ಲಿ, ಶಾಲೆಯ ಸ್ಟಾಫ್ ರೂಮಿನಲ್ಲಿ ಫೋನನ್ನು ಹಾಜರಿ ಪುಸ್ತಕದ ಮರೆಗಿಟ್ಟುಕೊಂಡು. ಓವರ್‌ಕ್ಲಾಕಿಂಗ್ ಎನ್ನುತ್ತಾರೆ. ಪ್ರೊಸೆಸರ್ ತಯಾರಿಸಿದವರು ಅದಕ್ಕೊಂದು ವೇಗ ಗೊತ್ತುಮಾಡಿ ಕಳಿಸಿರುತ್ತಾರೆ, ಆ ವೇಗವನ್ನು ನಾವೇ ಹೆಚ್ಚಿಸಬಹುದು. ಒಂದು ಅಂಕಿ ಬದಲಿಸಿದರಾಯಿತು. ಜಗತ್ತಿನಲ್ಲಿ ಎಷ್ಟೊಂದು ಜನ ಮಾಡುತ್ತಿದ್ದರು, ತಮ್ಮ ಅಂಕಿಗಳನ್ನು ಹಾಕಿಕೊಂಡು ಮೆರೆಯುತ್ತಿದ್ದರು. ಅವರ ಎಚ್ಚರಿಕೆಗಳನ್ನೂ ಅವನು ಓದಿದ್ದ: ಸ್ವಲ್ಪ ಸ್ವಲ್ಪವೇ ಏರಿಸಿ, ಏರಿಸಿದಾಗಲೆಲ್ಲ ಗಂಟೆಗಟ್ಟಲೆ ಪರೀಕ್ಷೆಗೆ ಹಚ್ಚಿ, ಬಿಸಿಯ ಮೇಲೆ ಕಣ್ಣಿಡಿ, ಮುಖ್ಯ ಕೆಲಸ ನಡೆಯುತ್ತಿರುವಾಗ ಈ ಆಟ ಬೇಡ. ಪಾಠದ ಕೊನೆಯ ಟಿಪ್ಪಣಿಗಳನ್ನು ಮಕ್ಕಳು ಓದುವ ಹಾಗೆ ಓದಿದ್ದ. ಅವನ ಕಣ್ಣ ಮುಂದೆ ಇದ್ದದ್ದು ಬೇರೆಯೇ ಚಿತ್ರ. ಒಂದು ಗಂಟೆಗೆ ಅವಳು ಎದ್ದು ಬರುತ್ತಾಳೆ, ಪರದೆಯ ಮೇಲೆ ಜನ ಬಂದು ಕೂತಿರುತ್ತಾರೆ, ಯಾರು ಮಾಡಿದ್ದು ಎನ್ನುತ್ತಾಳೆ. ಅವನು ಪತ್ರಿಕೆಯಿಂದ ತಲೆ ಎತ್ತುವುದಿಲ್ಲ. ಕೊನೆಯ ನಿಮಿಷವಿಲ್ಲದಿದ್ದರೂ ಅವಳ ಕೆಲಸ ನಡೆದುಹೋಗುತ್ತಿತ್ತು. ಅವಳು ಇವನನ್ನು ಸಹಾಯ ಕೇಳಿರಲೇ ಇಲ್ಲ. ಇರಲಾರದವನು ಇರುವೆ ಬಿಟ್ಟುಕೊಂಡ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಹತ್ತೂಕಾಲಿಗೆ, ಒಳಗಿನಿಂದ ಅವಳ ಗೊರಕೆ ಕೇಳಿಸಿದ ಮೇಲೆ, ಅವನು ಚಿತ್ರ ಬಿಡಿಸುವುದನ್ನು ನಿಲ್ಲಿಸಿದ. ಆದ ಚಿತ್ರಗಳು ಎಲ್ಲಿಗೂ ಹೋಗುವುದಿಲ್ಲ, ಡಿಸ್ಕಿನಲ್ಲಿ ಭದ್ರವಾಗಿರುತ್ತವೆ ಎಂದು ಎರಡು ಕಡೆ ಓದಿ ಖಚಿತಪಡಿಸಿಕೊಂಡಿದ್ದ. ಅಷ್ಟು ಜಾಗರೂಕತೆ ಅವನಲ್ಲೂ ಇತ್ತು.

ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಿ, ಕೀಬೋರ್ಡಿನ ಮೂಲೆಯ ಗುಂಡಿಯನ್ನು ಟಕಟಕ ಒತ್ತುತ್ತ ಹೋದಾಗ ಅವನು ಎಂದೂ ನೋಡಿರದ ಒಂದು ಪರದೆ ತೆರೆದುಕೊಂಡಿತು. ಕಪ್ಪು ಹಿನ್ನೆಲೆ, ಬೂದು ಅಕ್ಷರ, ಸಾಲು ಸಾಲು ಅಂಕಿಗಳು. ಯಂತ್ರದ ಹೊಟ್ಟೆಯೊಳಗಿನ ಕೋಣೆ. ಇಪ್ಪತ್ತೆರಡು ವರ್ಷ ಹೊಸ್ತಿಲಲ್ಲೇ ನಿಂತು ಪಾಠ ಹೇಳಿದವನು ಈಗ ಒಳಗೆ ಕಾಲಿಟ್ಟಿದ್ದ. ವೇಗದ ಸಾಲಿನಲ್ಲಿ ಮೂವತ್ತಾರು ಎಂದಿದ್ದಲ್ಲಿ ಮೂವತ್ತೊಂಬತ್ತು ಒತ್ತಿದ. ಪರದೆ ಕಪ್ಪಾಯಿತು. ಆ ಐದಾರು ಸೆಕೆಂಡಿನಲ್ಲಿ ಅವನು ಮಗಳಿಗೆ ಹೇಳಬೇಕಾದ ಮೂರು ಸುಳ್ಳುಗಳನ್ನು ತಯಾರಿಸಿಕೊಂಡಿದ್ದ. ಕರೆಂಟು ಹೋಗಿತ್ತು ಎಂಬುದು ಅವುಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿತ್ತು. ಆದರೆ ಯಂತ್ರ ಎದ್ದಿತು. ಏನೂ ಆಗದವರ ಹಾಗೆ ಎದ್ದು ಅವಳ ನೀಲಿ ಪರದೆ ತೋರಿಸಿತು. ಅವನು ಅವಳ ಕೆಲಸದ ಫೈಲನ್ನು ತೆರೆದು, ಪ್ರಾರಂಭ ಎಂಬಲ್ಲಿ ಒತ್ತಿದ. ಆಗಲೇ ಆದ ಐದು ಸಾವಿರವನ್ನು ಬಿಟ್ಟು ಅದು ತಾನಾಗಿಯೇ ಮುಂದಕ್ಕೆ ಹೋಗುತ್ತದೆ ಎಂದು ಅವನು ಅನುಮಾನವೇ ಇಲ್ಲದೆ ನಂಬಿದ್ದ. ಕಂಪ್ಯೂಟರಿಗೆ ಸ್ವಂತ ಬುದ್ಧಿಯಿಲ್ಲ ಮಕ್ಕಳೇ, ಹೇಳಿದ್ದಷ್ಟನ್ನೇ ಮಾಡುತ್ತದೆ ಎಂದು ಪ್ರತಿ ವರ್ಷದ ಮೊದಲ ಪಾಠದಲ್ಲಿ ಹೇಳುತ್ತಿದ್ದವನು ಅವನೇ. ಮೂಲೆಯ ಅಂಕಿ ಒಂದು ಎಂದಿತು, ಎರಡು ಎಂದಿತು. ಉಳಿದವುಗಳ ಎಣಿಕೆ ಹೊಸದಾಗಿ ಶುರುವಾಗಿದೆ ಎಂದುಕೊಂಡ. ಬೆಳಿಗ್ಗೆ ಒಂದೊಂದು ಚಿತ್ರಕ್ಕೆ ಇಪ್ಪತ್ತೈದು ಸೆಕೆಂಡು ತೆಗೆದುಕೊಳ್ಳುತ್ತಿದ್ದದ್ದು ಈಗ ಏಳೇ ಸೆಕೆಂಡಿಗೆ ಮುಗಿಸುತ್ತಿತ್ತು. ಏಳು. ಗೋಡೆಯ ಗಡಿಯಾರ ನೋಡಿ ಎಣಿಸಿದ, ಕೈಗಡಿಯಾರ ನೋಡಿ ಎಣಿಸಿದ. ಪರದೆಯ ಮೇಲೆ ತಿಳಿಯಾದ ಆಕಾಶ ಚೌಕ ಚೌಕವಾಗಿ ತುಂಬಿಕೊಳ್ಳುತ್ತಿತ್ತು. ಅವನಿಗೆ ಅಳು ಬಂತು.

ಅಲ್ಲಿಗೆ ಕೈ ಬಿಟ್ಟಿದ್ದರೂ ಆಗಬಾರದ್ದು ಆಗಿಯೇ ಹೋಗಿತ್ತು, ಆದರೆ ಅವನಿಗೆ ಅದು ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಮೂವತ್ತೊಂಬತ್ತು ಇಷ್ಟು ಮಾಡಿದರೆ ನಲವತ್ತೆರಡು ಏನು ಮಾಡೀತು ಎಂಬುದು. ನಿಲ್ಲಿಸಿದ, ಮತ್ತೆ ಆ ಕಪ್ಪು ಕೋಣೆಗೆ ಹೋದ. ನಲವತ್ತೆರಡಕ್ಕೆ ಯಂತ್ರ ಎದ್ದು ಅರ್ಧಕ್ಕೆ ಬಿತ್ತು. ಇನ್ನೊಮ್ಮೆ ಎದ್ದು ಇನ್ನೊಮ್ಮೆ ಬಿತ್ತು. ಒಳಗೆ ಹಾಸಿಗೆ ಕಿರುಗುಟ್ಟಿತು, ಅವನು ಉಸಿರು ಬಿಗಿಹಿಡಿದು ನಿಂತ. ಕಳ್ಳತನಕ್ಕೆ ಬಂದವನೂ ಅಷ್ಟು ಹೆದರಲಾರ. ಮತ್ತೆ ಗೊರಕೆ ಕೇಳಿಸಿತು. ಹೀಗಾದರೆ ಪ್ರೊಸೆಸರಿಗೆ ಹೋಗುವ ವಿದ್ಯುತ್ತನ್ನು ಒಂಚೂರು ಏರಿಸಬೇಕು ಎಂದು ಓದಿದ್ದು ನೆನಪಿಗೆ ಬಂತು. ಎಷ್ಟು ಎಂಬುದು ಬರಲಿಲ್ಲ. ದಶಮಾಂಶದ ಮುಂದಿನ ಎರಡನೇ ಅಂಕಿಯನ್ನು ಮೂರು ಮೆಟ್ಟಿಲು ಏರಿಸಿ ಕಣ್ಣು ಮುಚ್ಚಿಕೊಂಡ. ಎದ್ದಿತು, ಈ ಸಲ ಬೀಳಲಿಲ್ಲ. ಹತ್ತು ನಿಮಿಷ ಕಾದು ನೋಡಿ, ಗಟ್ಟಿಯಾಗಿದೆ ಎಂದು ತಾನೇ ತೀರ್ಪು ಕೊಟ್ಟು, ಪ್ರಾರಂಭ ಒತ್ತಿದ. ಮತ್ತೆ ಒಂದು, ಎರಡು. ಮತ್ತೆ ಅದೇ ಆಕಾಶ. ಆಕಾಶದಲ್ಲಿ ಈ ಆಕಾಶ ಆ ಆಕಾಶ ಎಂದು ಗುರುತಿಸುವುದು ಹೇಗೆ? ಈಗ ಆರೇ ಸೆಕೆಂಡು. ವೇಗವನ್ನು ಆರನೇ ಒಂದು ಪಾಲು ಹೆಚ್ಚಿಸಿದರೆ ಕೆಲಸ ನಾಲ್ಕು ಪಟ್ಟು ಬೇಗ ಹೇಗಾಯಿತು ಎಂದು ಅವನ ಶಾಲೆಯ ಐದನೇ ತರಗತಿಯವರು ಕೂಡ ಕೇಳುತ್ತಿದ್ದರು. ಅವನು ಕೇಳಲಿಲ್ಲ. ಜೀವನದಲ್ಲಿ ಒಂದು ಸಲ ಅದೃಷ್ಟ ಬಾಗಿಲಿಗೆ ಬಂದಾಗ ಅದರ ಲೆಕ್ಕಪತ್ರ ಯಾರು ಕೇಳುತ್ತಾರೆ. ಯಂತ್ರದ ಫ್ಯಾನು ಈಗ ಹಿಟ್ಟಿನ ಗಿರಣಿಯ ಹಾಗೆ ಮೊರೆಯುತ್ತಿತ್ತು. ಅವಳಿಗೆ ಎಚ್ಚರವಾದೀತೆಂದು ಅವನು ಹೋಗಿ ಅವಳ ಕೋಣೆಯ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡ.

ಹನ್ನೆರಡೂವರೆಗೆ ಆಸ್ಪತ್ರೆಯಿಂದ ಹೆಂಡತಿಯ ಫೋನು ಬಂತು.

"ಊಟ ಮಾಡಿದ್ರಾ?"

"ಇನ್ನೂ ಇಲ್ಲ."

"ಅದೇನ್ರೀ ಅಷ್ಟು ಗಲಾಟೆ, ಮಿಕ್ಸಿ ಹಾಕಿದ್ದೀರಾ?"

"ಫ್ಯಾನ್ ಕಣೇ. ಸೆಖೆ."

"ಒಂದು ಗಂಟೆಗೆ ಎಬ್ಬಿಸ್ಬೇಕಂತೆ. ಮೆಸೇಜ್ ಹಾಕಿದ್ಲು ನಂಗೂ. ನಿಮ್ಮನ್ನ ನಂಬಿಲ್ಲ ಅವಳು."

"ಮಲಗ್ಲಿ ಬಿಡು. ಮೂರು ದಿನದಿಂದ ನಿದ್ದೆ ಇಲ್ಲ ಆ ಹುಡುಗಿಗೆ."

"ಅಯ್ಯೋ, ಎಬ್ಬಿಸಿ ಅಂದ್ರೆ ಎಬ್ಬಿಸಿ. ನಿಮ್ದೇನು ಮಧ್ಯದಲ್ಲಿ."

"ಎಬ್ಬಿಸ್ತೀನಿ. ನೀನು ಸಂಜೆ ಬಾ, ಒಂದು ವಿಷ್ಯ ಹೇಳ್ತೀನಿ" ಎಂದ. ಏನು ಎಂದು ಅವಳು ಕೇಳಲಿಲ್ಲ, ವಾರ್ಡಿನಲ್ಲಿ ಯಾರೋ ಕರೆಯುತ್ತಿದ್ದರು.

ಒಂದು ಗಂಟೆಯಾಯಿತು. ಬಾಗಿಲು ತೆರೆದು ನೋಡಿದ. ಮಗಳು ಬೋರಲು ಮಲಗಿದ್ದಳು, ಒಂದು ಕೈ ಮಂಚದಿಂದ ಕೆಳಗೆ ಜೋತಿತ್ತು, ಬೆರಳುಗಳಿಗೆ ಪೆನ್ಸಿಲಿನ ಕರಿ ಹತ್ತಿತ್ತು. ಚಿಕ್ಕವಳಿದ್ದಾಗ ಬಿಡಿಸಿದ ಚಿತ್ರಗಳನ್ನೆಲ್ಲ ಓಡಿಬಂದು ಅವನಿಗೇ ತೋರಿಸುತ್ತಿದ್ದಳು, ಅವನು ಚೆನ್ನಾಗಿದೆ ಎನ್ನುತ್ತಿದ್ದ, ಸರಿಯಾಗಿ ನೋಡು ಎಂದು ಅವಳು ಗಲ್ಲ ಹಿಡಿದು ಮುಖ ತಿರುಗಿಸುತ್ತಿದ್ದಳು. ಈ ಸಿನಿಮಾವನ್ನೂ ತೋರಿಸಿದ್ದಳು, ಹೋದ ತಿಂಗಳು, ಬಣ್ಣವಿಲ್ಲದ ಕರಡನ್ನು. ಅವನು ಪರದೆಯ ಮುಂದೆ ಐದು ನಿಮಿಷವೂ ಕೂತಿದ್ದ. ಆದರೆ ಆ ಐದು ನಿಮಿಷವೂ ಯಂತ್ರದ ಪಕ್ಕದ ಗಾಜಿನೊಳಗೆ ತಿರುಗುತ್ತಿದ್ದ ಫ್ಯಾನನ್ನು ನೋಡುತ್ತ, ಇವಳು ಇದೆಲ್ಲ ಎಲ್ಲಿ ಕಲಿತಳು, ನಾನು ಯಾಕೆ ಕಲಿಯಲಿಲ್ಲ ಎಂದು ಯೋಚಿಸುತ್ತಿದ್ದ. ಕೊನೆಗೆ ಚೆನ್ನಾಗಿದೆ ಎಂದ. ಈಗ ಅವಳನ್ನು ಎಬ್ಬಿಸಿದರೆ ಎದ್ದು ಬಂದು ನೋಡುತ್ತಾಳೆ, ಕಿರುಚುತ್ತಾಳೆ, ನಿಲ್ಲಿಸುತ್ತಾಳೆ. ಇನ್ನೆರಡು ಗಂಟೆ ತಡೆದರೆ ಎಲ್ಲ ಮುಗಿದ ಮೇಲೆಯೇ ನೋಡುತ್ತಾಳೆ. ಅವನು ಹೊದಿಕೆಯನ್ನು ಅವಳ ಭುಜದವರೆಗೆ ಎಳೆದು ಹೊರಗೆ ಬಂದ. ಅದು ಕರುಣೆಯೆಂದು ತನಗೆ ತಾನೇ ಹೇಳಿಕೊಂಡ, ಎರಡು ಸಲ ಹೇಳಿಕೊಳ್ಳಬೇಕಾಯಿತು.

ಮಧ್ಯಾಹ್ನವೆಲ್ಲ ಅವನು ಪರದೆಯ ಮುಂದೆ ಕೂತ. ಮುಟ್ಟಲಿಲ್ಲ. ಆಕಾಶ ಮೆಲ್ಲಗೆ ಕೆಳಗಿಳಿದು ಒಂದು ಗೇಟು ಕಾಣಿಸಿತು, ಗೇಟಿನಾಚೆ ಉದ್ದನೆಯ ಗೋಡೆ. ಎಲ್ಲ ಸಿನಿಮಾಗಳೂ ಹೀಗೇ ಹೊರಗೆ ಬಂದು ಆಕಾಶ ನೋಡಿ ಮುಗಿಯುವುದಲ್ಲವೇ, ಜನ ಇನ್ನೇನು ಬರುತ್ತಾರೆ ಎಂದು ಕಾಯುತ್ತಿದ್ದ. ಆಕಾಶದಲ್ಲಿ ಅಲ್ಲಲ್ಲಿ ಬಿಳಿಯ ಚುಕ್ಕೆಗಳಿದ್ದವು. ಮೊದಮೊದಲು ನಾಲ್ಕೈದು, ಆಮೇಲೆ ಹತ್ತಾರು, ಒಂದು ಚಿತ್ರದಲ್ಲಿ ಒಂದು ಕಡೆ, ಇನ್ನೊಂದರಲ್ಲಿ ಇನ್ನೊಂದು ಕಡೆ. ಹಕ್ಕಿಗಳಿರಬೇಕು ಎಂದುಕೊಂಡ. ಎಷ್ಟು ಸೂಕ್ಷ್ಮವಾಗಿ ಕೆಲಸ ಮಾಡಿದ್ದಾಳೆ, ಗುಂಪು ಚದುರಿ ಹಾರುವ ಹಕ್ಕಿಗಳನ್ನು ಕೂಡ ಬಿಟ್ಟಿಲ್ಲ. ಅವನಿಗೆ ಹೆಮ್ಮೆಯಾಯಿತು, ಮತ್ತು ಹೋದ ತಿಂಗಳು ಈ ಹಕ್ಕಿಗಳನ್ನು ನೋಡದೇ ಹೋದೆನಲ್ಲ ಎಂದು ನಾಚಿಕೆಯಾಯಿತು. ಎದ್ದ ಮೇಲೆ ಮೊದಲು ಹಕ್ಕಿಗಳ ಬಗ್ಗೆ ಹೇಳಬೇಕು, ವೇಗದ ಮಾತು ಆಮೇಲೆ ಎಂದು ನಿಶ್ಚಯಿಸಿದ. ಗೇಟು ಹತ್ತಿರವಾದ ಮೇಲೆ ಚಿತ್ರಗಳು ನಿಧಾನವಾದವು, ಹತ್ತು ಸೆಕೆಂಡು, ಹದಿನಾಲ್ಕು. ಯಂತ್ರದ ಮೇಲೆ ಕೈಯಿಟ್ಟ. ಇಸ್ತ್ರಿ ಪೆಟ್ಟಿಗೆಯ ಹಾಗಿತ್ತು. ಪತ್ರಿಕೆಯಿಂದ ಅದಕ್ಕೆ ಗಾಳಿ ಹಾಕತೊಡಗಿದ. ಎರಡು ಗಂಟೆಯಿಂದ ಮೂರರವರೆಗೆ, ಐವತ್ತು ದಾಟಿದ ಒಬ್ಬ ಮೇಷ್ಟ್ರು ಮೇಜಿನ ಮುಂದೆ ನಿಂತು ಒಂದು ಡಬ್ಬಿಗೆ ಗಾಳಿ ಹಾಕುತ್ತಿದ್ದ. ತೋಳು ಸೋತಾಗ ಕೈ ಬದಲಿಸುತ್ತಿದ್ದ.

ಮೂರು ಗಂಟೆ ಹತ್ತು ನಿಮಿಷಕ್ಕೆ ಅಂಕಿ ಸಾವಿರದ ನಾನೂರ ಆರರಲ್ಲಿ ನಿಂತಿತು. ಅರ್ಧ ಗೇಟು, ಅರ್ಧ ಕಪ್ಪು. ಬಾಣದ ಗುರುತೂ ಅಲುಗಾಡಲಿಲ್ಲ. ಅವನು ಇನ್ನೂ ಗಾಳಿ ಹಾಕುತ್ತಿರುವಾಗಲೇ ಬಾಗಿಲು ತೆರೆದು ಮಗಳು ಬಂದು ನಿಂತಳು. ಕೂದಲು ಕೆದರಿತ್ತು, ಕೆನ್ನೆಯ ಮೇಲೆ ದಿಂಬಿನ ಗೆರೆಗಳಿದ್ದವು. ಗಡಿಯಾರ ನೋಡಿದಳು, ಪತ್ರಿಕೆ ಹಿಡಿದ ಅಪ್ಪನನ್ನು ನೋಡಿದಳು, ಪರದೆ ನೋಡಿದಳು.

"ಇದ್ಯಾಕೆ ಗೇಟ್ ಬಂದಿದೆ?"

"ಕೊನೇಲಿ ಬರುತ್ತಲ್ಲ. ಈಗ ಜನ ಬರ್ತಾರೆ" ಎಂದ.

"ಅಪ್ಪ, ಇದು ಶುರು" ಎಂದಳು. "ಸಿನಿಮಾ ಶುರುವಾಗೋದೇ ಗೇಟಿಂದ."

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದ ಮೇಲೂ ಅದು ಮೆಟ್ಟಿಲು ಮೆಟ್ಟಿಲಾಗಿ ಒಳಗಿಳಿಯಿತು. ಮೊದಲು, ಆಗಿದ್ದ ಚಿತ್ರಗಳ ಮೇಲೆಯೇ ಮತ್ತೆ ಬಿಡಿಸಿದ್ದೇನೆ ಎಂಬುದು. ಆಮೇಲೆ, ನಾಲ್ಕು ಪಟ್ಟು ವೇಗವೆಲ್ಲ ಬರೀ ಖಾಲಿ ಆಕಾಶದ್ದು, ಖಾಲಿ ಆಕಾಶ ಬಿಡಿಸುವುದು ಯಾವ ಯಂತ್ರಕ್ಕೂ ಸುಲಭ ಎಂಬುದು. ಅವಳು ಕುರ್ಚಿ ಎಳೆದುಕೊಂಡು, ಹಿಂದಿನ ಗುಂಡಿ ಒತ್ತಿ ಯಂತ್ರವನ್ನು ಆರಿಸಿ ಹೊತ್ತಿಸಿದಳು. ಎದ್ದ ಕೂಡಲೇ ಕಪ್ಪು ಕೋಣೆಗೆ ಹೋದಳು, ನಲವತ್ತೆರಡು ಎಂಬುದನ್ನು ಒಂದು ಗಳಿಗೆ ನೋಡಿದಳು, ಮೂವತ್ತಾರು ಮಾಡಿದಳು. ಅವನ ಕಡೆ ತಿರುಗಲಿಲ್ಲ. ಚಿತ್ರಗಳನ್ನು ಒಂದೊಂದಾಗಿ ತೆರೆದು ದೊಡ್ಡದು ಮಾಡಿದಳು. ಚುಕ್ಕೆಗಳು. ಒಂದೊಂದರಲ್ಲೂ ಚುಕ್ಕೆಗಳು, ಕೆಲವುಗಳಲ್ಲಿ ಅಂಗೈಯಗಲದ ಕಪ್ಪು ಚೌಕ. ಕಾದ ತಲೆಯಲ್ಲಿ ಯಂತ್ರ ತಪ್ಪು ತಪ್ಪಾಗಿ ಲೆಕ್ಕ ಹಾಕಿತ್ತು. ಸಾವಿರದ ನಾನೂರು ಚಿತ್ರಗಳು ಕೆಟ್ಟಿದ್ದವು, ಹೊಸದಾಗಿ ಆಗಬೇಕಿದ್ದ ಸಾವಿರ ಆಗಿಯೇ ಇರಲಿಲ್ಲ. ಇನ್ನು ಉಳಿದದ್ದು ಒಂದೂ ಮುಕ್ಕಾಲು ಗಂಟೆ. ತಲೆಯೂ ಇಲ್ಲದ ಬಾಲವೂ ಇಲ್ಲದ ಎರಡು ನಿಮಿಷ ಚಿಲ್ಲರೆಯ ಖಾಲಿ ಹಜಾರವಷ್ಟೇ ಅವಳ ಕೈಯಲ್ಲಿತ್ತು.

"ಇವು ಹಕ್ಕಿ ಅಲ್ವಾ?" ಎಂದು ಅವನು ಕೇಳಿದ. ಯಾಕೆ ಕೇಳಿದೆನೆಂದು ಅವನಿಗೇ ಗೊತ್ತಾಗಲಿಲ್ಲ.

"ಅಲ್ಲಪ್ಪ" ಎಂದಳು.

ಅವಳು ಫೋನು ತೆಗೆದುಕೊಂಡು ಕಿಟಕಿಯ ಬಳಿ ಹೋಗಿ ತನ್ನ ಗೈಡ್ ಮೇಡಂ ಜೊತೆ ಮಾತಾಡಿದಳು. ಅವನು ಅಲ್ಲೇ ನಿಂತು ಕೇಳಿಸಿಕೊಂಡ. "ಇಲ್ಲ ಮೇಡಂ, ಮೆಷಿನ್ ಕೈ ಕೊಡ್ತು... ಬಿಸಿ ಆಗಿಬಿಡ್ತು, ಮೂರು ದಿನದಿಂದ ಓಡ್ತಿತ್ತಲ್ಲ... ಇಲ್ಲ, ಇಲ್ಲ, ಯಾರೂ ಮುಟ್ಟಿಲ್ಲ... ಒಂದು ದಿನ ಕೂಡ ಕೊಡಲ್ವಾ? ... ಹೂಂ, ನಿಯಮ ಗೊತ್ತು ಮೇಡಂ... ಮುಂದಿನ ವರ್ಷದವರ ಜೊತೆ. ಹೂಂ. ಸರಿ ಮೇಡಂ." ಯಾರೂ ಮುಟ್ಟಿಲ್ಲ ಎಂದಾಗ ಅವಳ ದನಿ ಸ್ವಲ್ಪವೂ ಅಳುಕಲಿಲ್ಲ. ಅವನು ಬೆಳಿಗ್ಗೆ ತಯಾರಿಸಿಕೊಂಡ ಮೂರು ಸುಳ್ಳುಗಳಿಗಿಂತ ಇದು ಎಷ್ಟೋ ಚೆನ್ನಾಗಿತ್ತು.

ಈಗ ಬೈಯುತ್ತಾಳೆ ಎಂದು ಅವನು ಕಾದ. ಬೈಯಲಿ ಎಂದು ಕಾದ. ಪುಸ್ತಕದ ಬದನೆಕಾಯಿ, ನಿಂಗೆ ಮುಟ್ಬೇಡ ಅಂದ್ರೆ ಕಿವಿ ಕೇಳ್ಸಲ್ವಾ, ಒಂದು ವರ್ಷ ಹೋಯ್ತಲ್ಲ ನಿನ್ನಿಂದ, ಎಬ್ಬಿಸು ಅಂದಿದ್ನಲ್ಲ, ಎಬ್ಬಿಸೋಕ್ಕೂ ಆಗ್ಲಿಲ್ವಾ. ಅವಳ ಪರವಾಗಿ ಅವನೇ ಎಲ್ಲವನ್ನೂ ಮನಸ್ಸಿನಲ್ಲಿ ಹೇಳಿ ಮುಗಿಸಿದ. ಆಮೇಲೆ ಅವನೂ ಕೂಗಬಹುದಾಗಿತ್ತು, ನಿನಗೋಸ್ಕರವೇ ಮಾಡಿದ್ದು ಎನ್ನಬಹುದಾಗಿತ್ತು, ಅವಳು ಯಾರು ಕೇಳಿದ್ರು ಎನ್ನುತ್ತಿದ್ದಳು, ಸಂಜೆ ಹೆಂಡತಿ ಬಂದು ಇಬ್ಬರನ್ನೂ ಬೈಯುತ್ತಿದ್ದಳು. ಮಗಳು ಫೋನನ್ನು ಮೇಜಿನ ಮೇಲಿಟ್ಟಳು. ಅವನ ಕೈಯಲ್ಲಿ ಇನ್ನೂ ಇದ್ದ ಪತ್ರಿಕೆಯನ್ನು ಮೆಲ್ಲಗೆ ತೆಗೆದುಕೊಂಡು ಮಡಿಸಿದಳು.

"ಇರ್ಲಿ ಬಿಡಪ್ಪ. ಪರವಾಗಿಲ್ಲ. ನೀನೇನು ಬೇಕಂತ ಮಾಡಿದ್ಯಾ" ಎಂದಳು. "ಊಟ ಮಾಡಿಲ್ಲ ಅಲ್ವಾ? ಹೋಗು, ಊಟ ಮಾಡು. ಹೊತ್ತಾಗಿದೆ."

ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಮೃದುವಾಗಿತ್ತು, ಒಂದೊಂದು ಮಾತೂ ಬಿಡಿಬಿಡಿಯಾಗಿ ತಿಳಿಯುವಂತಿತ್ತು. ಇಪ್ಪತ್ತೆರಡು ವರ್ಷ ಮಕ್ಕಳ ಮುಂದೆ ನಿಂತವನಿಗೆ ಆ ದನಿಯ ಪರಿಚಯ ಬೇರೆ ಯಾರಿಗಿಂತಲೂ ಚೆನ್ನಾಗಿತ್ತು. ಕಲಿಯುತ್ತಾರೆಂಬ ಆಸೆಯಿರುವ ಮಕ್ಕಳನ್ನು ಅವನು ಬೈಯುತ್ತಿದ್ದ, ಪುಸ್ತಕ ಎಸೆಯುತ್ತಿದ್ದ, ಮುಖ ಕೆಂಪಗೆ ಮಾಡಿಕೊಂಡು ಕೂಗುತ್ತಿದ್ದ. ಇವನಿಂದ ಇನ್ನೇನೂ ಆಗುವುದಿಲ್ಲ ಎಂದು ಒಳಗೇ ಗೊತ್ತಾದ ಮೇಲೆ ಆ ಒಬ್ಬನ ಜೊತೆ ಮಾತ್ರ ಬಹಳ ಮೆತ್ತಗೆ ಮಾತಾಡುತ್ತಿದ್ದ. ಇರಲಿ ಬಿಡಪ್ಪ, ಹೋಗು, ಊಟಕ್ಕೆ ಹೊತ್ತಾಯಿತು ಎನ್ನುತ್ತಿದ್ದ. ಅಂಥ ಮಕ್ಕಳು ಆಮೇಲೆ ಎಂದೂ ಏನನ್ನೂ ಕೇಳುತ್ತಿರಲಿಲ್ಲ, ಅವನೂ ಅವರನ್ನು ಏನನ್ನೂ ಕೇಳುತ್ತಿರಲಿಲ್ಲ.

ಅವನು ಅಡುಗೆಮನೆಗೆ ಹೋಗಿ ತಟ್ಟೆಗೆ ಬಡಿಸಿಕೊಂಡ. ಆಚೆ ಕೋಣೆಯಲ್ಲಿ ಅವಳು ಕೆಟ್ಟ ಚಿತ್ರಗಳನ್ನು ಒಂದೊಂದಾಗಿ ಅಳಿಸುವ ಸದ್ದು ಕೇಳಿಸುತ್ತಿತ್ತು. ಹಸಿವಿರಲಿಲ್ಲ. ಆದರೂ ಹೇಳಿದ ಮಾತು ಕೇಳಿ, ಒಂದಗುಳೂ ಬಿಡದೆ ಊಟ ಮುಗಿಸಿದ.